ಎಣ್ಣೆ ಇಳಿಯುತ್ತಿರುವುದು ಎಲ್ಲಿಂದ?

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದವು: ಕಾರಿನ ಎಂಜಿನ್ ಆಯಿಲ್ ಸೋರಿಕೆ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಅದಕ್ಕೆ ಸರಿಯಾದ ಉತ್ತರ ಸಿಕ್ಕರೆ ಮಿಕ್ಕ ಮೂರಕ್ಕೂ ಅರ್ಧ ಉತ್ತರ ಸಿಕ್ಕಂತೆಯೇ.

ಪ್ರಶ್ನೆ: ನನ್ನದು 12 ವರ್ಷ ಹಳೆಯ ಪೆಟ್ರೋಲ್ ಕಾರು, 90,000 ಕಿಲೋಮೀಟರ್ ದಾಟಿದೆ. ಎರಡು ತಿಂಗಳಿಂದ ಬೆಳಿಗ್ಗೆ ಕಾರು ತೆಗೆದಾಗ ನೆಲದ ಮೇಲೆ ಅಂಗೈಯಗಲದ ಕಪ್ಪು ಕಲೆ ಕಾಣುತ್ತಿದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಸಂದಿಯಿಂದ ಹನಿ ಬೀಳುತ್ತಿದೆ. ಕ್ರ್ಯಾಂಕ್‌ನ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ) ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು ಎಂದು ಮೆಕ್ಯಾನಿಕ್ ಹೇಳಿದರು. ಅಷ್ಟು ದೊಡ್ಡ ಕೆಲಸಕ್ಕೆ ಒಪ್ಪುವ ಮೊದಲು ಮನೆಯಲ್ಲೇ ನೋಡಿ ಖಚಿತಪಡಿಸಿಕೊಳ್ಳಬಹುದೇ?

ಉತ್ತರ: ನೋಡಬಹುದು, ಗೇರ್‌ಬಾಕ್ಸ್ ಇಳಿಸುವ ಮುನ್ನ ನೋಡಲೇಬೇಕು. ನಿಮ್ಮ ಮೆಕ್ಯಾನಿಕ್ ಹೇಳಿದ್ದು ತಪ್ಪೆಂದು ಇಲ್ಲಿ ಕುಳಿತು ನಾನು ಹೇಳಲಾರೆ. ಆದರೆ ಹನಿ ಬೀಳುವ ಜಾಗವನ್ನಷ್ಟೇ ನೋಡಿ ಅವರು ಹಾಗೆ ಹೇಳಿದ್ದರೆ ತಪಾಸಣೆ ಅರ್ಧಕ್ಕೇ ನಿಂತಿದೆ ಎಂದಾಯಿತು. ಎಂಜಿನ್ನಿನ ಮೇಲ್ಭಾಗದಲ್ಲಿ ಜಿನುಗಿದ ಎಣ್ಣೆ ಬ್ಲಾಕ್‌ನ ಗೋಡೆಗುಂಟ ಇಳಿಯುತ್ತ, ದಾರಿಯಲ್ಲಿ ಸಿಕ್ಕ ಬೋಲ್ಟು, ಅಂಚು, ವೈರುಗಳ ಮೇಲೆ ಹರಿದು, ಕಾರು ಓಡುವಾಗ ಒಳನುಗ್ಗುವ ಗಾಳಿಗೆ ಹಿಂದಕ್ಕೆ ಸರಿದು, ಕೊನೆಗೆ ಎಲ್ಲಕ್ಕಿಂತ ತಗ್ಗಿನ ಒಂದು ತುದಿಯಲ್ಲಿ ಹನಿಗಟ್ಟುತ್ತದೆ. ಎಷ್ಟೋ ಕಾರುಗಳಲ್ಲಿ ಆ ತಗ್ಗಿನ ತುದಿ ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಸಂದಿಯೇ ಆಗಿರುತ್ತದೆ. ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರ್‌ನ ಪ್ಯಾಕಿಂಗ್ (ಸಂದಿಯಲ್ಲಿ ಕೂರುವ ರಬ್ಬರ್ ಪಟ್ಟಿ) ಒಂದು ಮೂಲೆಯಲ್ಲಿ ಗಟ್ಟಿಯಾಗಿ ಸೋರತೊಡಗಿದರೂ ಎಣ್ಣೆ ಬಂದು ಬೀಳುವುದು ಅಲ್ಲಿಗೇ. ಪ್ಯಾಕಿಂಗ್ ಬದಲಿಸಲು ಒಂದು ಮಧ್ಯಾಹ್ನ ಸಾಕು, ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಯಬೇಕು. ಹೀಗಿರುವಾಗ ಎರಡನ್ನೂ ಬೇರ್ಪಡಿಸಿ ತಿಳಿಯಲು ಎರಡು ದಿನ ಕಳೆದರೆ ನಷ್ಟವೇನಿಲ್ಲ.

ಮೊದಲು ಅದು ಎಂಜಿನ್ ಆಯಿಲ್ ಹೌದೇ ಎಂಬುದು ತಿಳಿಯಲಿ. ರಾತ್ರಿ ಕಾರು ನಿಲ್ಲಿಸಿದ ಮೇಲೆ ಅಡಿಯಲ್ಲಿ ಅಗಲವಾದ ಬಿಳಿ ರಟ್ಟು ಹಾಸಿ, ಮುಂದಿನ ಎರಡು ಚಕ್ರಗಳು ಎಲ್ಲಿವೆಯೆಂದು ಅದರ ಮೇಲೆ ಗುರುತು ಮಾಡಿ. ಬೆಳಿಗ್ಗೆ ಹನಿ ಯಾವ ಬದಿಗೆ, ಎಷ್ಟು ಹಿಂದೆ ಬಿದ್ದಿದೆಯೆಂದು ಅಳೆಯಲು ಅದೇ ಆಧಾರ. ಎಂಜಿನ್ ಆಯಿಲ್ ಹೊಸದಿದ್ದಾಗ ಜೇನಿನ ಬಣ್ಣಕ್ಕಿದ್ದು ಓಡಿದಂತೆಲ್ಲ ಕಂದಾಗಿ, ಕಪ್ಪಾಗುತ್ತದೆ. ಕೂಲಂಟ್ ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣದ್ದು, ನೀರಿನಷ್ಟು ತೆಳು, ವಾಸನೆ ಸಿಹಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಸಾಮಾನ್ಯವಾಗಿ ಕೆಂಪು. ಎಸಿಯಿಂದ ಇಳಿಯುವುದು ಬರೀ ನೀರು. ಅದಕ್ಕೆ ಹೆದರಿ ಬರೆದ ಪತ್ರಗಳೂ ನನಗೆ ಬಂದಿವೆ. ನಿಮ್ಮ ಮಟ್ಟಿಗೆ ಮುಖ್ಯವಾದದ್ದು ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಎಣ್ಣೆ. ಗೇರ್‌ಬಾಕ್ಸಿನದೇ ಮುಂದಿನ ಸೀಲ್ ಸೋರಿದರೂ ಹನಿ ಬೀಳುವುದು ನೀವು ಹೇಳಿದ ಜಾಗದಲ್ಲೇ. ಆ ಎಣ್ಣೆಗೆ ಸಾಮಾನ್ಯವಾಗಿ ಗಂಧಕದ ಘಾಟು ಇರುತ್ತದೆ, ಮತ್ತು ಎಂಜಿನ್ ಆಯಿಲ್‌ನಂತೆ ಅದು ಮಸಿಗಪ್ಪಾಗುವುದಿಲ್ಲ. ರಟ್ಟಿನ ಮೇಲಿನ ಕಲೆಯ ಪಕ್ಕದಲ್ಲೇ ಡಿಪ್‌ಸ್ಟಿಕ್‌ನಿಂದ (ಎಣ್ಣೆಯ ಮಟ್ಟ ಅಳೆಯುವ ಕಡ್ಡಿಯಿಂದ) ಒಂದು ಹನಿ ಬೀಳಿಸಿ ಎರಡನ್ನೂ ಹೋಲಿಸಿ ನೋಡಿ. ಅನುಮಾನ ಬಹುಪಾಲು ಅಲ್ಲೇ ಬಗೆಹರಿಯುತ್ತದೆ.

ಇನ್ನು ತೊಳೆಯುವ ಕೆಲಸ. ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು, ತಪ್ಪು ಭಾಗ ತಂದು ಕೂರಿಸುವವರೂ ಅವರೇ. ವರ್ಷಗಟ್ಟಲೆ ಎಣ್ಣೆ ಧೂಳು ಸೇರಿ ಮೆತ್ತಿಕೊಂಡ ಎಂಜಿನ್ ಎಲ್ಲ ಕಡೆಯೂ ಒದ್ದೆಯಾಗಿ ಕಾಣುತ್ತದೆ; ಅದರಲ್ಲಿ ಹಳೆಯ ಸೋರಿಕೆ ಯಾವುದು, ನಿನ್ನೆಯದು ಯಾವುದು ಎಂದು ಯಾರ ಕಣ್ಣಿಗೂ ತಿಳಿಯದು. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಆಲ್ಟರ್ನೇಟರ್, ಇಗ್ನಿಷನ್ ಕಾಯಿಲ್‌ಗಳು, ಗಾಳಿ ಎಳೆಯುವ ಬಾಯಿ ಇವುಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಜಿಡ್ಡು ಕರಗಿಸುವ ಡಿಗ್ರೀಸರ್ ಸಿಂಪಡಿಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಗಟ್ಟಿ ಬ್ರಷ್‌ನಿಂದ ಉಜ್ಜಿ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ರಭಸದ ಪ್ರೆಷರ್ ವಾಷರ್ ಬೇಡ. ಅದರ ನೀರು ಸೀಲ್‌ಗಳನ್ನೂ ಕನೆಕ್ಟರ್‌ಗಳನ್ನೂ ದಾಟಿ ಒಳಗೆ ಹೋಗುತ್ತದೆ. ಆಮೇಲೆ ಚೆನ್ನಾಗಿ ಒಣಗಲು ಬಿಡಿ.

ಒಣಗಿದ ಎಂಜಿನ್ನನ್ನು 15–20 ನಿಮಿಷ ನಿಂತಲ್ಲೇ ಓಡಿಸಿ ಟಾರ್ಚ್ ಹಾಗೂ ಚಿಕ್ಕದೊಂದು ಕನ್ನಡಿ ಹಿಡಿದು ನೋಡಿ. ಸಡಿಲ ಬಟ್ಟೆ ಮತ್ತು ಕೈ ತಿರುಗುವ ಬೆಲ್ಟ್‌ನಿಂದ ದೂರವಿರಲಿ. ರಾತ್ರಿಯೆಲ್ಲ ನಿಂತು ಅಂಗೈಯಗಲ ಮಾತ್ರ ಇಳಿಯುವ ಸೋರಿಕೆ ಇಷ್ಟಕ್ಕೇ ಕಾಣದಿರಬಹುದು. ಆಗ ಎರಡು ಮೂರು ದಿನ ಎಂದಿನಂತೆ ಓಡಿಸಿ, ಪ್ರತಿದಿನ ಒಮ್ಮೆ ಬಾನೆಟ್ ಎತ್ತಿ ನೋಡಿ. ಅನುಮಾನವಿರುವ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸುವುದು ಹಳೆಯ ಉಪಾಯವಾದರೂ ನನಗೆ ಇಂದಿಗೂ ಅದೇ ಅಚ್ಚುಮೆಚ್ಚು. ಟ್ಯಾಪೆಟ್ ಕವರ್ ಹೆಡ್‌ನ (ಸಿಲಿಂಡರ್‌ಗಳ ಮೇಲಿನ ಭಾಗದ) ಮೇಲೆ ಕೂರುವ ಗೆರೆಗುಂಟ ತೆಳ್ಳಗೆ ಪೌಡರ್ ಹಚ್ಚಿ ಒಂದು ಸುತ್ತು ಹೋಗಿ ಬನ್ನಿ. ಪ್ಯಾಕಿಂಗ್ ಸೋರುತ್ತಿದ್ದರೆ ಬಿಳಿಯ ಪದರದಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆ ಮೂಡಿ, ಅದರಿಂದ ದಾರದಷ್ಟು ಸಣ್ಣ ಗೆರೆಯೊಂದು ಕೆಳಗಿಳಿದಿರುತ್ತದೆ. ಆ ಗೆರೆಯ ಮೇಲ್ತುದಿಯೇ ಸೋರಿಕೆಯ ಬಾಯಿ. ಇದರಿಂದಲೂ ತಿಳಿಯದಿದ್ದರೆ ಎಂಜಿನ್ ಆಯಿಲ್‌ಗೆ ಬೆರೆಸುವ ಯುವಿ ಡೈ ಬಳಸಬಹುದು. ಅದನ್ನು ಹಾಕಿ ಒಂದಷ್ಟು ದೂರ ಓಡಿಸಿ, ಕತ್ತಲಲ್ಲಿ ಯುವಿ ದೀಪ ಹಿಡಿದರೆ ಎಣ್ಣೆಯ ಜಾಡು ಹೊಳೆಯುತ್ತದೆ.

ನೋಡುವಾಗ ಮೇಲಿನಿಂದ ಕೆಳಕ್ಕೆ ಬನ್ನಿ. ಒದ್ದೆಯಾದ ಜಾಗಗಳಲ್ಲಿ ಅತ್ಯಂತ ಮೇಲಿನದು ಮತ್ತು ಕಾರಿನ ಮುಂಭಾಗಕ್ಕೆ ಅತ್ಯಂತ ಹತ್ತಿರದ್ದು ಯಾವುದೋ ಅದರ ಮೇಲೆ ಮೊದಲ ಅನುಮಾನವಿರಲಿ. ಟ್ಯಾಪೆಟ್ ಕವರ್‌ನ ಅಂಚು, ಅದರ ಕೆಳಗೆ ಕ್ಯಾಮ್‌ಶಾಫ್ಟ್‌ನ (ವಾಲ್ವ್‌ಗಳನ್ನು ತೆರೆಯುವ ದಂಡದ) ತುದಿಯ ಸೀಲ್, ಬೆಲ್ಟ್ ಇರುವ ಬದಿಯಲ್ಲಿ ಕ್ರ್ಯಾಂಕ್ ಪುಲ್ಲಿಯ ಹಿಂದಿನ ಸೀಲ್, ಆಯಿಲ್ ಫಿಲ್ಟರ್‌ನ ಬುಡ, ಕೊನೆಗೆ ಎಣ್ಣೆ ನಿಲ್ಲುವ ಕೆಳಗಿನ ಚೇಂಬರ್ ಬ್ಲಾಕ್‌ಗೆ ಸೇರುವ ಗೆರೆ. ಆಯಿಲ್ ಪ್ರೆಷರ್ ಸ್ವಿಚ್ಚನ್ನು ಮರೆಯಬೇಡಿ. ಹೆಬ್ಬೆರಳಿನ ಗಾತ್ರದ ಈ ಬಿಡಿಭಾಗ ತನ್ನ ಪ್ಲಾಸ್ಟಿಕ್ ತಲೆಯ ಮೂಲಕವೇ ಸೋರಬಲ್ಲದು. ಅದರ ವೈರಿನ ಕನೆಕ್ಟರ್ ಬಿಚ್ಚಿದಾಗ ಒಳಗೆ ಎಣ್ಣೆ ಇದ್ದರೆ ಸ್ವಿಚ್ ಬದಲಿಸಬೇಕು, ಅದು ಅರ್ಧ ಗಂಟೆಯ ಕೆಲಸ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರೋಣ. ತೊಳೆದು ಮೂರು ದಿನ ಕಳೆದ ಮೇಲೆ ಮೇಲಿನ ಗೋಡೆಯೆಲ್ಲ ಒಣಗಿದ್ದು, ಗೇರ್‌ಬಾಕ್ಸಿನ ಗಂಟೆಯಾಕಾರದ ಕವಚದ ನೆತ್ತಿಯೂ ಒಣಗಿದ್ದು, ಅದರ ಕೆಳತುದಿಯ ಸಂದಿಯೊಳಗಿನಿಂದ ಮಾತ್ರ ಎಂಜಿನ್ ಆಯಿಲ್ ಹನಿಯುತ್ತಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿ. ಕ್ಲಚ್ ಜಾರುತ್ತಿದ್ದರೆ ಅಥವಾ ಸುಟ್ಟ ವಾಸನೆ ಬರುತ್ತಿದ್ದರೆ ಎಣ್ಣೆ ಕ್ಲಚ್ ಪ್ಲೇಟನ್ನೂ ಮುಟ್ಟಿರಬಹುದು. ಆ ಕೆಲಸವನ್ನು ಮನೆಯಲ್ಲಿ ಮಾಡಬೇಡಿ; ಗೇರ್‌ಬಾಕ್ಸ್ ಇಳಿಸುವಾಗ ಎಂಜಿನ್ನಿಗೂ ಆಸರೆ ಬೇಕು, ಇಳಿಯುವ ಭಾರಕ್ಕೂ ಆಸರೆ ಬೇಕು. ಗೇರ್‌ಬಾಕ್ಸ್ ಹೇಗೂ ಕೆಳಗಿಳಿದಿರುವಾಗ ಕ್ಲಚ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್ ಸವೆದಿವೆಯೇ ಎಂದು ನೋಡಿಸಿಕೊಳ್ಳಿ. ಕವಚದ ನೆತ್ತಿಯೇ ಒದ್ದೆಯಾಗಿದ್ದರೆ ಎಣ್ಣೆ ಮೇಲಿನಿಂದ ಬರುತ್ತಿದೆ. ಮುಂದಿನ ಪತ್ರದ ಉತ್ತರ ನಿಮಗೂ ಅನ್ವಯಿಸುತ್ತದೆ.

ಕಾರಿನ ಅಡಿಗೆ ಹೋಗುವ ಮುನ್ನ ಒಂದು ಮಾತು. ಜಾಕ್ ಇರುವುದು ಎತ್ತಲು, ಹೊತ್ತು ನಿಲ್ಲಲು ಅಲ್ಲ. ಸಮತಟ್ಟಾದ ಗಟ್ಟಿ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ನೆಲದ ಮೇಲಿರುವ ಚಕ್ರಗಳಿಗೆ ಅಡೆ ಕೊಟ್ಟು, ತಯಾರಕರು ಸೂಚಿಸಿದ ಜಾಗಕ್ಕೆ ಆಕ್ಸಲ್ ಸ್ಟ್ಯಾಂಡ್ ಕೊಡಿ. ಸ್ಟ್ಯಾಂಡಿನ ಮೇಲೆ ಕೂತ ಕಾರನ್ನು ಕೈಯಿಂದ ಅಲುಗಿಸಿ ನೋಡಿ, ಆಮೇಲಷ್ಟೇ ಅಡಿಗೆ ಇಳಿಯಿರಿ. ಇಟ್ಟಿಗೆಯಾಗಲಿ ಕಾಂಕ್ರೀಟ್ ಬ್ಲಾಕ್ ಆಗಲಿ ಬೇಡವೇ ಬೇಡ, ಅವು ಮುನ್ಸೂಚನೆ ಕೊಡದೆ ಸೀಳುತ್ತವೆ.

ಪ್ರಶ್ನೆ: ಟ್ಯಾಪೆಟ್ ಕವರ್ ಪ್ಯಾಕಿಂಗನ್ನು ನಾನೇ ಬದಲಾಯಿಸಿದೆ. ಮೂರು ವಾರಕ್ಕೆ ಮತ್ತೆ ಅಂಚು ಒದ್ದೆಯಾಯಿತು. ಬೋಲ್ಟ್‌ಗಳನ್ನು ಇನ್ನಷ್ಟು ಬಿಗಿ ಮಾಡಿದೆ, ಸೋರಿಕೆ ಹೆಚ್ಚಾಯಿತು. ಪ್ಯಾಕಿಂಗಿನ ಎರಡೂ ಬದಿಗೆ ಧಾರಾಳವಾಗಿ ಸಿಲಿಕೋನ್ ಬಳಿದು ಕೂರಿಸಲೇ?

ಉತ್ತರ: ದಯವಿಟ್ಟು ಬಳಿಯಬೇಡಿ. ಬಿಗಿ ಮಾಡಿದಷ್ಟೂ ಸೋರಿಕೆ ಹೆಚ್ಚಿತು ಎಂದು ನೀವೇ ಬರೆದಿದ್ದೀರಿ, ಕಾರಣದ ಒಂದು ಭಾಗ ಆ ಮಾತಿನಲ್ಲೇ ಇದೆ. ರಬ್ಬರ್ ಪ್ಯಾಕಿಂಗ್ ಎಣ್ಣೆಯನ್ನು ತಡೆಯುವುದು ತನ್ನ ಸ್ಥಿತಿಸ್ಥಾಪಕ ಗುಣದಿಂದ. ಮಿತಿ ಮೀರಿ ಒತ್ತಿದರೆ ಅದು ತಾನು ಕೂರುವ ತೋಡಿನಿಂದ ಆಚೆ ಹಿಂಡಿಕೊಂಡು ಬರುತ್ತದೆ, ಇಲ್ಲವೇ ಬೋಲ್ಟ್ ಇರುವಲ್ಲಿ ಕವರ್ ತಗ್ಗಿ ಎರಡು ಬೋಲ್ಟ್‌ಗಳ ನಡುವೆ ಬಿಲ್ಲಿನಂತೆ ಬಾಗುತ್ತದೆ. ಈ ಬೋಲ್ಟ್‌ಗಳಿಗೆ ಬೇಕಾದ ಬಿಗಿ ಬಹಳ ಕಡಿಮೆ; ಅನೇಕ ಎಂಜಿನ್‌ಗಳಲ್ಲಿ 10 ನ್ಯೂಟನ್ ಮೀಟರ್ ಆಸುಪಾಸು. ನಿಮ್ಮ ಕಾರಿನ ನಿಖರ ಅಂಕಿಯನ್ನು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿ, ಚಿಕ್ಕ ಟಾರ್ಕ್ ರೆಂಚ್ ಬಳಸಿ. ಉದ್ದನೆಯ ಹಿಡಿಯ ಪಾನಾದಿಂದ ಈ ಕೆಲಸ ಮಾಡುವವರ ಕೈಗೆ ಎಷ್ಟು ಬಲ ಬಿತ್ತೆಂಬುದು ಬೋಲ್ಟ್ ಮುರಿದ ಮೇಲೆಯೇ ಗೊತ್ತಾಗುವುದು.

ಪ್ಯಾಕಿಂಗ್ ಹೊಸದು ತನ್ನಿ, ಒಮ್ಮೆ ಹಿಂಡಿದ್ದನ್ನು ಮತ್ತೆ ಬಳಸಬೇಡಿ. ಕಾಯಿಲ್ ಅಥವಾ ಪ್ಲಗ್ ವೈರ್‌ಗಳಿಗೆ ಕ್ರಮಸಂಖ್ಯೆ ಬರೆದು ಬಿಚ್ಚಿ. ಕವರ್ ತೆಗೆಯುವ ಮೊದಲೇ ಅದರ ಸುತ್ತಲಿನ ಮಣ್ಣು ಒರೆಸಿ, ಇಲ್ಲವಾದರೆ ಅದೆಲ್ಲ ಕ್ಯಾಮ್‌ಶಾಫ್ಟ್‌ನ ಮೇಲೆ ಬೀಳುತ್ತದೆ. ಸ್ಪಾರ್ಕ್ ಪ್ಲಗ್ ಕೂರುವ ಕುಳಿಗಳೊಳಗೆ ಎಣ್ಣೆ ನಿಂತಿದ್ದರೆ ಕವರ್‌ನಲ್ಲಿರುವ ದುಂಡನೆಯ ಟ್ಯೂಬ್ ಸೀಲ್‌ಗಳೂ ಹೋಗಿವೆಯೆಂದು ಅರ್ಥ. ಅವನ್ನೂ ಈಗಲೇ ಬದಲಿಸಿ, ಮತ್ತು ಪ್ಲಗ್ ಬಿಚ್ಚುವುದಿದ್ದರೆ ಮೊದಲು ಆ ಎಣ್ಣೆಯನ್ನು ಬಟ್ಟೆಯಿಂದ ಹೀರಿ ತೆಗೆಯಿರಿ, ಇಲ್ಲದಿದ್ದರೆ ಅದು ಸಿಲಿಂಡರ್ ಒಳಗೆ ಇಳಿಯುತ್ತದೆ.

ಹೆಡ್‌ನ ಮುಖದ ಮೇಲೆ ಹಳೆಯ ಪ್ಯಾಕಿಂಗಿನ ಚೂರುಗಳು ಉಳಿಯುತ್ತವೆ. ಹೆಚ್ಚಿನ ಹೆಡ್‌ಗಳು ಅಲ್ಯೂಮಿನಿಯಂ ಆದ್ದರಿಂದ ಬ್ಲೇಡು, ಉಳಿ ತಾಗಿಸಬೇಡಿ. ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು, ಬ್ರೇಕ್ ಕ್ಲೀನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಕಣ್ಣು ಮುಚ್ಚಿಕೊಂಡು ಬೆರಳ ತುದಿಯನ್ನು ಆ ಅಂಚಿನುದ್ದಕ್ಕೂ ಆಡಿಸಿ. ಕಣ್ಣು ತಪ್ಪಿಸಿದ ಚೂರು ಬೆರಳಿಗೆ ಸಿಗುತ್ತದೆ. ಕವರನ್ನು ಸಮತಟ್ಟಾದ ಗಾಜಿನ ಮೇಲೆ ಬೋರಲು ಇಟ್ಟು ಮೂಲೆಗಳನ್ನು ಒತ್ತಿ ನೋಡಿ. ಅಲುಗಾಡಿದರೆ ಅದು ಬಾಗಿದೆ, ಅಂಥ ಕವರ್ ಮೇಲೆ ಎಂಥ ಪ್ಯಾಕಿಂಗ್ ಹಾಕಿದರೂ ನಿಲ್ಲುವುದಿಲ್ಲ.

ರಬ್ಬರ್ ಪ್ಯಾಕಿಂಗನ್ನು ಸಾಮಾನ್ಯವಾಗಿ ಒಣದಾಗಿಯೇ ಕೂರಿಸಬೇಕು. ಸಿಲಿಕೋನ್ ಬೇಕಾಗುವುದು ತಯಾರಕರು ಹೇಳಿದ ಕೆಲವೇ ಬಿಂದುಗಳಲ್ಲಿ. ಟೈಮಿಂಗ್ ಕವರ್ ಹೆಡ್‌ಗೆ ಸೇರುವ ಮೂಲೆಗಳು, ಕ್ಯಾಮ್ ಬೇರಿಂಗ್‌ನ ಅರ್ಧಚಂದ್ರದ ತುದಿಗಳು. ಅಲ್ಲಿಗೆ ಬಟಾಣಿಯಷ್ಟು ಸಾಕು. ಹೆಚ್ಚಾದದ್ದು ಒಳಕ್ಕೂ ಹಿಂಡಿಕೊಂಡು ಬರುತ್ತದೆ; ಅದು ಕಿತ್ತು ಚೇಂಬರ್‌ಗೆ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಂಟಿದರೆ ಸೋರಿಕೆಗಿಂತ ನೂರು ಪಟ್ಟು ದೊಡ್ಡ ತೊಂದರೆ. ಬೋಲ್ಟ್‌ಗಳನ್ನು ಎಲ್ಲವನ್ನೂ ಮೊದಲು ಕೈಯಿಂದಲೇ ಕೂರಿಸಿ, ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಸಿಲಿಕೋನ್ ಹಾಕಿದ್ದರೆ ಅದರ ಟ್ಯೂಬಿನ ಮೇಲೆ ಹೇಳಿದಷ್ಟು ಹೊತ್ತು ಕಾಯಿರಿ. ಬಹಳಷ್ಟು ಸಿಲಿಕೋನ್‌ಗಳು ಪೂರ್ತಿ ಗಟ್ಟಿಯಾಗಲು 24 ಗಂಟೆ ತೆಗೆದುಕೊಳ್ಳುತ್ತವೆ.

ಇಷ್ಟೆಲ್ಲ ಸರಿಯಿದ್ದೂ ಮೂರು ವಾರಕ್ಕೆ ಸೋರಿತೆಂದಾದರೆ ಎಂಜಿನ್ನಿನ ಉಸಿರಾಟವನ್ನು ನೋಡಬೇಕು. ಪಿಸ್ಟನ್ ರಿಂಗ್‌ಗಳನ್ನು ದಾಟಿ ಸ್ವಲ್ಪ ಅನಿಲ ಸದಾ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತಿರುತ್ತದೆ. ಅದನ್ನು ಮತ್ತೆ ಗಾಳಿಯ ಹಾದಿಗೆ ಎಳೆದುಕೊಳ್ಳಲು ಪಿಸಿವಿ ವಾಲ್ವ್ ಮತ್ತದರ ಕೊಳವೆ ಇವೆ. ಅದು ಮಡ್ಡಿಗಟ್ಟಿ ಮುಚ್ಚಿಕೊಂಡರೆ ಒಳಗಿನ ಒತ್ತಡ ಏರಿ, ಎಲ್ಲಿ ಪ್ಯಾಕಿಂಗ್ ದುರ್ಬಲವೋ ಅಲ್ಲಿಂದ ಎಣ್ಣೆಯನ್ನು ತಳ್ಳುತ್ತದೆ. ಒಂದು ಕಡೆ ಸರಿಮಾಡಿದ ಮೇಲೆ ಇನ್ನೊಂದು ಕಡೆ ಸೋರಲಾರಂಭಿಸುವ ಎಂಜಿನ್‌ಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ ಪರೀಕ್ಷೆ ಸುಲಭ. ನಿಧಾನಗತಿಯಲ್ಲಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ದಪ್ಪ ಕಾಗದದ ತುಂಡೊಂದನ್ನು ಹಗುರವಾಗಿ ಇಡಿ. ಕಾಗದ ಮೆಲ್ಲಗೆ ಒಳಕ್ಕೆ ಅಂಟಿಕೊಂಡರೆ ಉಸಿರಾಟ ಸರಿಯಿದೆ. ಪಟಪಟನೆ ಮೇಲಕ್ಕೆ ಹಾರಿದರೆ ವಾಲ್ವ್ ಮುಚ್ಚಿದೆ, ಅಥವಾ ರಿಂಗ್‌ಗಳೇ ಸವೆದಿವೆ. ಬಿಡಿಯಾಗಿ ಬಿಚ್ಚಲು ಬರುವ ವಾಲ್ವನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕಟಕಟ ಸದ್ದಾಗಬೇಕು. ಸದ್ದಿಲ್ಲದಿದ್ದರೆ ಹೊಸದು ಹಾಕಿ. ಕೆಲವು ಕಾರುಗಳಲ್ಲಿ ಅದು ಟ್ಯಾಪೆಟ್ ಕವರ್‌ನೊಳಗೇ ಅಡಗಿದ್ದು, ಕವರ್ ಸಮೇತ ಬದಲಿಸಬೇಕಾಗುತ್ತದೆ.

ಪ್ರಶ್ನೆ: ಮೊದಲ ಬಾರಿಗೆ ಮನೆಯಲ್ಲೇ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದೆ. ಸ್ಟಾರ್ಟ್ ಮಾಡಿದ ಕೂಡಲೇ ಫಿಲ್ಟರಿನ ಬುಡದಿಂದ ಎಣ್ಣೆ ಧಾರೆಯಾಗಿ ಸುರಿಯಿತು, ತಕ್ಷಣ ಆರಿಸಿದೆ. ಡ್ರೈನ್ ನಟ್‌ನಲ್ಲೂ ಸ್ವಲ್ಪ ಜಿನುಗು ಇದೆ. ಫಿಲ್ಟರ್ ದೋಷವೇ?

ಉತ್ತರ: ಫಿಲ್ಟರನ್ನು ದೂರುವ ಮೊದಲು ಅದನ್ನು ಬಿಚ್ಚಿ ಎಂಜಿನ್ನಿನ ಮುಖವನ್ನು ನೋಡಿ. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಅಲ್ಲೇ ಅಂಟಿ ಉಳಿದಿರುವ ಸಾಧ್ಯತೆ ಬಹಳ. ಎರಡು ಉಂಗುರ ಒಂದರ ಮೇಲೊಂದು ಕೂತರೆ ಎಷ್ಟು ಬಿಗಿಮಾಡಿದರೂ ಪಂಪಿನ ಒತ್ತಡ ಅವನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ನಾನೂ ಇದನ್ನು ಒಮ್ಮೆ ಮಾಡಿದ್ದೇನೆ. ಕಪ್ಪು ಲೋಹದ ಮೇಲೆ ಕಪ್ಪು ಉಂಗುರ, ಮಬ್ಬು ಬೆಳಕು, ಜೊತೆಗೆ ಅವಸರ. ಮೂರು ಲೀಟರ್ ಹೊಸ ಎಣ್ಣೆ ನೆಲದ ಪಾಲಾಯಿತು. ಅಂದಿನಿಂದ ಹಳೆಯ ಫಿಲ್ಟರ್ ಬಿಚ್ಚಿದೊಡನೆ ಅದನ್ನು ತಿರುಗಿಸಿ, ಉಂಗುರ ಅದರ ಜೊತೆಗೇ ಬಂದಿದೆಯೇ ಎಂದು ನೋಡುತ್ತೇನೆ.

ಹೊಸ ಫಿಲ್ಟರಿನ ಉಂಗುರಕ್ಕೆ ಹೊಸ ಎಣ್ಣೆಯನ್ನು ಬೆರಳಿಂದ ಸವರಿ, ಕೈಯಿಂದಲೇ ತಿರುಗಿಸಿ, ಉಂಗುರ ಮುಖಕ್ಕೆ ತಾಗಿದ ಮೇಲೆ ಮತ್ತೆ ಮುಕ್ಕಾಲು ಸುತ್ತು ಎಂಬುದು ಸಾಮಾನ್ಯ ಲೆಕ್ಕ; ಫಿಲ್ಟರಿನ ಮೇಲೆ ಬೇರೆ ಅಳತೆ ಮುದ್ರಿಸಿದ್ದರೆ ಅದನ್ನೇ ಪಾಲಿಸಿ. ಡ್ರೈನ್ ನಟ್‌ಗೆ ಇರುವ ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಒಮ್ಮೆ ಹಿಂಡಿಕೊಂಡು ಕೂರುವಂಥದ್ದು, ಪ್ರತಿ ಸಲವೂ ಹೊಸದು ಹಾಕಬೇಕು. ಅದನ್ನು ಬಿಟ್ಟು ನಟ್ಟನ್ನೇ ಬಲವಾಗಿ ತಿರುಗಿಸಿದರೆ ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಸವೆದು ಹೋಗುತ್ತದೆ. ಸುರಿದ ಎಣ್ಣೆಯನ್ನು ಮರದ ಹೊಟ್ಟು ಅಥವಾ ಒಣ ಮರಳಿನಿಂದ ಹೀರಿಸಿ. ಹಳೆಯ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಮರುಬಳಕೆಗೆ ಕೊಡಿ, ಚರಂಡಿಗೆ ಸುರಿಯಬೇಡಿ. ಆ ಎಣ್ಣೆ ಮತ್ತೆ ಮತ್ತೆ ಚರ್ಮಕ್ಕೆ ತಾಗುವುದು ಒಳ್ಳೆಯದಲ್ಲವಾದ್ದರಿಂದ ಕೈಗೆ ನೈಟ್ರೈಲ್ ಗವಸು ಇರಲಿ.

ಪ್ರಶ್ನೆ: ಸೋರಿಕೆ ನಿಲ್ಲಿಸುತ್ತದೆಂದು ಎಣ್ಣೆಗೆ ಬೆರೆಸುವ ದ್ರವ ಸಿಗುತ್ತದಲ್ಲ, ಅದು ಕೆಲಸ ಮಾಡುತ್ತದೆಯೇ? ತಿಂಗಳಿಗೊಮ್ಮೆ ಕಾಲು ಲೀಟರ್ ಆಯಿಲ್ ಸೇರಿಸಿಕೊಂಡು ಹಾಗೆಯೇ ಓಡಿಸಿದರೆ ತಪ್ಪೇನು?

ಉತ್ತರ: ಆ ದ್ರವಗಳು ಗಟ್ಟಿಯಾದ ರಬ್ಬರ್ ಸೀಲನ್ನು ಮೆತ್ತಗೆ ಮಾಡಿ ಸ್ವಲ್ಪ ಉಬ್ಬಿಸುತ್ತವೆ. ಹಾಗಾಗಿ ಹಳೆಯ ಸೀಲ್‌ನಿಂದ ಸಣ್ಣಗೆ ಜಿನುಗುವುದು ಕೆಲವೊಮ್ಮೆ ಕಡಿಮೆಯಾಗುತ್ತದೆ. ಹರಿದ ಪ್ಯಾಕಿಂಗ್, ಬಾಗಿದ ಕವರ್, ಸಡಿಲ ಬೋಲ್ಟ್, ಮುಚ್ಚಿದ ಪಿಸಿವಿ ಇವಕ್ಕೆ ಅದರಿಂದ ಏನೂ ಆಗದು. ಹಿಂದಿನ ಸೀಲ್ ಸಣ್ಣಗೆ ಜಿನುಗುತ್ತಿದ್ದು, ಗೇರ್‌ಬಾಕ್ಸ್ ಇಳಿಸುವುದನ್ನು ಕೆಲಕಾಲ ಮುಂದೂಡಬೇಕಿದ್ದರೆ ಮಾತ್ರ ನಾನು ಅದನ್ನು ಒಪ್ಪುತ್ತೇನೆ.

ಎಣ್ಣೆ ಸೇರಿಸುತ್ತ ಓಡಿಸುವುದು ಸೋರುವ ಜಾಗವನ್ನು ಅವಲಂಬಿಸಿದೆ. ಚೇಂಬರಿನ ಅಂಚಿನಿಂದ ನೆಲಕ್ಕೆ ಬೀಳುವ ಹನಿ ಕಾರಿಗೆ ಅಷ್ಟು ಕೆಡುಕು ಮಾಡದು. ಅದೇ ಹನಿ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಮೇಲೆ ಬಿದ್ದರೆ ಹೊಗೆಯೇಳುತ್ತದೆ, ಬೆಂಕಿಯೂ ಹೊತ್ತಬಹುದು. ಟೈಮಿಂಗ್ ಬೆಲ್ಟ್‌ಗೆ ತಾಗಿದರೆ ರಬ್ಬರ್ ಕೆಡುತ್ತದೆ, ಬೆಲ್ಟ್ ತುಂಡಾದರೆ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಈ ಎರಡು ಜಾಗಗಳ ಸೋರಿಕೆಯನ್ನು ಒಂದು ವಾರವೂ ಮುಂದೂಡಬೇಡಿ. ಇನ್ನೊಂದು: ನೀವು ಸೇರಿಸುವ ಕಾಲು ಲೀಟರಿಗೆ ತಕ್ಕಷ್ಟು ಕಲೆ ನೆಲದ ಮೇಲೆ ಕಾಣದಿದ್ದು, ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದ್ದರೆ ಎಣ್ಣೆ ಒಳಗೇ ಉರಿಯುತ್ತಿದೆ, ಪ್ಯಾಕಿಂಗ್ ಬದಲಿಸಿ ಫಲವಿಲ್ಲ.

ಓಡಿಸುವುದೇ ಆದರೆ ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಬಹಳಷ್ಟು ಕಾರುಗಳಲ್ಲಿ ಅದರ ಕೆಳಗಿನ ಮತ್ತು ಮೇಲಿನ ಗುರುತುಗಳ ನಡುವೆ ಸುಮಾರು 1 ಲೀಟರ್ ಅಂತರವಿರುತ್ತದೆ. ಸೋರಿಕೆಗೆ ಮುಂಗಡವಿರಲೆಂದು ಮೇಲಿನ ಗುರುತು ದಾಟಿಸಿ ತುಂಬಬೇಡಿ, ಹೆಚ್ಚಾದ ಎಣ್ಣೆಯನ್ನು ಕ್ರ್ಯಾಂಕ್ ಕಡೆದು ನೊರೆ ಮಾಡುತ್ತದೆ. ಡ್ಯಾಶ್‌ಬೋರ್ಡ್‌ನ ಕೆಂಪು ಆಯಿಲ್ ದೀಪ ಹೊತ್ತುವವರೆಗೂ ನಿಶ್ಚಿಂತೆ ಎಂದು ನಂಬಿದವರು ಬಹಳ. ಸಾಮಾನ್ಯವಾಗಿ ಆ ದೀಪ ತೋರಿಸುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು. ಓಡುತ್ತಿರುವಾಗ ಅದು ಹೊತ್ತಿತೆಂದರೆ ಬೇರಿಂಗ್‌ಗಳಿಗೆ ಎಣ್ಣೆ ಸಾಲುತ್ತಿಲ್ಲ. ಪಕ್ಕಕ್ಕೆ ನಿಲ್ಲಿಸಿ ಆ ಕ್ಷಣವೇ ಎಂಜಿನ್ ಆರಿಸಿ, ಮುಂದಿನ ಪ್ರಯಾಣ ಎಳೆದುಕೊಂಡು ಹೋಗುವ ವಾಹನದ ಹಿಂದೆ ಆಗಲಿ.